ಎಸ್ಕಿಸೀತೊ ಎಂಬ ಮಾತು

ಪೋರ್ತು ಅಲೆಗ್ರೆಯ ನನ್ನ ಸಂಜೆ ತರಗತಿಗೆ ಪೋರ್ಚುಗೀಸ್ ಕಲಿಯಲು ಉರುಗ್ವೆಯ ಓರಗಿತ್ತಿಯರಿಬ್ಬರು ಬರುತ್ತಿದ್ದರು. ಓಫೇಲಿಯಾ ಅರಳು ಹುರಿದಂತೆ ಮಾತಾಡುತ್ತಿದ್ದಳು. ಬಟ್ಟೆ ಹೊಲಿಯುವ ದೆಲ್ಮೀರಾಳಿಗೆ ಅದನ್ನು ಕೇಳಿಯೇ ಹೊಟ್ಟೆ ಉರಿಯುತ್ತಿತ್ತು. ಪಾಠ ತಲೆಗೆ ಹತ್ತದಿದ್ದರೂ, "ಅವಳು ಬಿಡೋವರೆಗೂ ನಾನು ಬಿಡಲ್ಲ ಮೇಷ್ಟ್ರೇ," ಎನ್ನುತ್ತಿದ್ದಳು.

ಒಂದು ಭಾನುವಾರ ಅವರ ಮನೆಯೊಡತಿ ದೋನ ಇರಾಸಿ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಓಫೇಲಿಯಾ ಒಂದು ತುತ್ತು ತಿಂದು, "ಎಸ್ಕಿಸೀತೊ" ಎಂದಳು. ಅವಳ ಸ್ಪ್ಯಾನಿಷಿನಲ್ಲಿ ಅದಕ್ಕೆ ಬಲು ರುಚಿ ಎಂದರ್ಥ. ಪೋರ್ಚುಗೀಸಿನಲ್ಲಿ ವಿಚಿತ್ರ ಎಂದು.

ಇರಾಸಿಯವರ ಮುಖ ಗಂಟಾಯಿತು. "ವಿಚಿತ್ರವಾಗಿದ್ರೆ ಬಿಡಮ್ಮ, ಬಲವಂತ ಇಲ್ಲ."

ದೆಲ್ಮೀರಾ ತಡವರಿಸದೆ ಪೋರ್ಚುಗೀಸಿನಲ್ಲೇ ಹೇಳಿದಳು: "ರುಚಿಯಾಗಿದೆ ಅಂದ್ಳು ದೋನ ಇರಾಸಿ, ನಮ್ಮ ಕಡೆ ಹಾಗೇ ಅಂತೀವಿ."

"ಇಷ್ಟೆಲ್ಲ ಯಾವಾಗ ಕಲಿತ್ಯೇ?" ಎಂದ ಓಫೇಲಿಯಾಳ ದನಿ ಸಣ್ಣಗಾಗಿತ್ತು.

ಮರುದಿನ ದೆಲ್ಮೀರಾ ಬರುವ ಮೊದಲೇ ಓಫೇಲಿಯಾ ತರಗತಿಯ ಮುಂದಿನ ಬೆಂಚು ಹಿಡಿದಿದ್ದಳು.