ಹತ್ತು ಗಂಟೆಯ ನೂನ್

ನೂನ್ ಎಂಬ ಇಂಗ್ಲಿಷ್ ಪದದ ಮೂಲವನ್ನು ನಾನು ನಿಘಂಟಿನಲ್ಲಿ ನೋಡಿದ್ದು ತಡವಾಗಿ. ಲ್ಯಾಟಿನ್ನಿನಲ್ಲಿ ಅದು ಒಂಬತ್ತನೆಯ ತಾಸು. ಸೂರ್ಯೋದಯದಿಂದ ಎಣಿಸಿದರೆ ಮಧ್ಯಾಹ್ನ ಮೂರರ ಹೊತ್ತು. ಆ ಹೊತ್ತಿನ ಪ್ರಾರ್ಥನೆ ಮುಗಿಯುವ ತನಕ ಕ್ರೈಸ್ತ ಸನ್ಯಾಸಿಗಳು ಉಣ್ಣುವಂತಿರಲಿಲ್ಲವಂತೆ. ಹಸಿವು ತಾಳದೆ ಪ್ರಾರ್ಥನೆಯನ್ನೇ ಹಿಂದಕ್ಕೆಳೆದರು, ನೂನ್ ಹನ್ನೆರಡಕ್ಕೆ ಬಂದು ನಿಂತಿತು ಎನ್ನುತ್ತಾರೆ. ಬಂಡ್ರಿ ಕಡೆಯ ಗಣಿಯೊಂದರಲ್ಲಿ ನಾವು ಅದನ್ನು ಹತ್ತಕ್ಕೆ ಎಳೆದೆವು.

ಅಲ್ಲಿ ನಾನು ಗುಮಾಸ್ತ. ಸೈರನ್ ಒತ್ತುವುದು, ಬಂಡೆ ಸಿಡಿಸಿದ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಸಿಡಿಸುವುದು ದಿನವೂ ಹನ್ನೆರಡಕ್ಕೆ. ಬೇಲಿಯಾಚೆ ಕಳೆ ತೆಗೆಯುವ ಹೆಂಗಸರು ಸೈರನ್ನಿಗೂ ಕಾಯುತ್ತಿರಲಿಲ್ಲ; ನೆರಳು ಕಾಲಡಿಗೆ ಬಂದರೆ ಬುತ್ತಿ ಎತ್ತಿಕೊಂಡು ದೂರದ ಹುಣಸೆಮರಕ್ಕೆ ಹೋಗುತ್ತಿದ್ದರು.

ಅದಿರಿಗೆ ಬೆಲೆ ಏರಿದ ವರ್ಷ, ಲಾರಿಗಳು ಸಂಡೂರಿನ ರಸ್ತೆಯವರೆಗೆ ಸಾಲುಗಟ್ಟಿದ್ದವು. ಮ್ಯಾನೇಜರ್ ಅಂದ: "ಇವತ್ತು ಹತ್ತಕ್ಕ ಹಾರಸ್ರಿ."

"ಹೊಲದಾಗ ಯಾರಿಗೂ ಹೇಳಿಲ್ರಿ ಸಾರ್."

"ಸೈರನ್ ಐತಲ್ಲ, ಅದಕ್ಕೇನು ಬಾಯಿಲ್ಲೇನು?"

ಒತ್ತಿದೆ. ಹೊಲದಲ್ಲಿ ಯಾರೂ ತಲೆ ಎತ್ತಲಿಲ್ಲ. ಬೇಲಿಯ ತನಕ ಓಡಿ ಕೂಗಿದೆ. ಒಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನೆಳ್ಳು ಇನ್ನಾ ಉದ್ದ ಐತ್ರಿ ಸಾರ. ನಿಮ್ಮ ಗಡಿಯಾರಕ್ಕ ಇಷ್ಟು ಜಲ್ದಿ ಹಸಿವಾತೇನು?"

ಉಳಿದವರು ನಕ್ಕರು.

"ಖರೇ ಹಾರಸ್ತಾರವ್ವ, ಓಡ್ರಿ!"

ನನ್ನ ಮುಖ ನೋಡಿ ಓಡಿದರು. ಮಾತಾಡಿದವಳು ಎಲ್ಲರಿಗಿಂತ ಹಿಂದಿದ್ದಳು. ಸಿಡಿದ ಕಲ್ಲು ಅವಳ ಎಡ ಮೊಣಕಾಲಿಗೆ ಬಿತ್ತು. ಹೊಸಪೇಟೆಯ ಆಸ್ಪತ್ರೆಯಲ್ಲಿ ಕಾಲು ತೆಗೆದರು.

ಮರುದಿನ ಗಣಿ ಇಲಾಖೆಯವರು ವಿಚಾರಣೆಗೆ ಬರುವವರಿದ್ದರು. ರಿಜಿಸ್ಟರಿನ ಆ ಸಾಲು ಇನ್ನೂ ಖಾಲಿ ಇತ್ತು. ಮ್ಯಾನೇಜರ್ ಪಕ್ಕದಲ್ಲಿ ನಿಂತು, "ನೂನ್ ಅಂತ ಬರೀರಿ, ದಿನಾ ಬರಿಯೂದನ್ನ ಬರೀಲಿಕ್ಕೆ ಏನು ತ್ರಾಸು?" ಅಂದ. ಬರೆದೆ. ಅಕ್ಷರ ಎಂದಿನಂತೆಯೇ ದುಂಡಗೆ ಬಂತು. ಗೊತ್ತಿದ್ದ ಹೊತ್ತಿನಲ್ಲಿ ತಾನಾಗಿ ಬೇಲಿಯ ಹತ್ತಿರ ಉಳಿದಳು, ತಪ್ಪು ಅವಳದೇ ಎಂದು ತೀರ್ಮಾನವಾಯಿತು. ಹತ್ತು ಗಂಟೆ ಎಂದು ಅವಳು ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಅವಳ ಕೈಯಲ್ಲಿ ಗಡಿಯಾರವಿರಲಿಲ್ಲ.

ಎರಡು ವರ್ಷದ ಮೇಲೆ ಸಂಡೂರಿನ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತ ಕೂತಿದ್ದಳು. ನನ್ನ ಗುರುತು ಹಿಡಿದಳು.

"ಟೈಮ್ ಎಷ್ಟಾತ್ರಿ ಸಾರ?"

ಕೈಗಡಿಯಾರ ನೋಡಿ, "ಹನ್ನೊಂದೂವರೆ," ಅಂದೆ.

ಅವಳು ಊರುಗೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ನೋಡಿದಳು. ಆಮೇಲೆ ಹೌದೆಂಬಂತೆ ತಲೆಯಾಡಿಸಿದಳು.