ಕಾಯಿ ಬಿಡಿ, ಇನ್ನೊಂದು ಸುತ್ತು ಇದೆ

ನಮ್ಮ ತೋಟದಲ್ಲಿ ಬಹಳ ವರ್ಷ ಕಾಫಿ ಕೊಯ್ದ ಒಬ್ಬ ಅಜ್ಜಿ ಇದ್ದರು. ಸುಮ್ಮನೆ ಮಾತಾಡುವಾಗಲೂ ಅವರ ಬೆರಳುಗಳು ಸೆರಗಿನ ಅಂಚಿನಲ್ಲಿ ಹಣ್ಣು ಹುಡುಕುತ್ತಿದ್ದವು.

ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಡಾಕ್ಟರು ದಿನಾ ನಡೆಯಲು ಹೇಳಿದರು. ಹಿಡಿದದ್ದನ್ನು ಪೂರ್ತಿ ಮಾಡಬೇಕೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಹಟದಿಂದ ದಿನಾ ಮೈಲಿಗಟ್ಟಲೆ ದೂರದ ವಸ್ತಾರೆ ಊರಿನವರೆಗೂ ಹೋಗಿಬಂದೆ. ಐದನೇ ದಿನ ಹಿಮ್ಮಡಿ ಊದಿ ಹಾಸಿಗೆ ಹಿಡಿದೆ. ಮನೆಯವರು ತೋಟಕ್ಕೆ ಹೋದರೆ ಮಾತಿಗೆ ಯಾರೂ ಇಲ್ಲ. ಅಜ್ಜಿ ಬಂದು ಕಾಲು ನೋಡಿ ನಕ್ಕರು.

"ಏನಮ್ಮಾ, ಒಂದೇ ದಿನಕ್ಕೆ ಕಾಫಿ ಗಿಡ ಬೋಳಿಸೋದಾ? ಹಣ್ಣಾದಷ್ಟೇ ಕೊಯ್ಯಿರಿ. ಕಾಯಿ ಬಿಡಿ, ಇನ್ನೊಂದು ಸುತ್ತು ಇದೆ."

ಆಮೇಲೆ ದಿನಾ ಬೆಳಿಗ್ಗೆ ನನ್ನ ಜೊತೆ ಗೇಟಿನ ಪಕ್ಕದ ಸಿಲ್ವರ್ ಓಕ್ ಮರದವರೆಗೆ ನಡೆದರು. ಇನ್ನೂ ಮುಂದೆ ಹೋಗೋಣವೆಂದರೆ ಅದೇ ಮಾತು ಹೇಳಿ, ಮರ ಮುಟ್ಟಿ ತಿರುಗುತ್ತಿದ್ದರು. ಒಮ್ಮೆ ತಮಗೆ ಜ್ವರ ಬಂದು ಬಿಟ್ಟ ಮರುದಿನವೂ ಬಂದರು. ಅಂಗಳದಲ್ಲಿ ಹತ್ತು ಹೆಜ್ಜೆ ಹಾಕಿ ಮೆಟ್ಟಿಲ ಮೇಲೆ ಕೂತರು.

"ಇಷ್ಟೇನಾ ಅಜ್ಜಿ?" ಎಂದೆ.

"ಇವತ್ತು ಇಷ್ಟೇ ಹಣ್ಣಾಗಿದ್ದು ಮಾರಾಯ್ರೇ."

ಈ ಸಲ ಮಳೆ ಹಿಡಿಯುವ ಮೊದಲೇ ಅವರು ತೀರಿಕೊಂಡರು. ಮೂರು ದಿನ ನಾನು ಹೊಸಿಲು ದಾಟಲಿಲ್ಲ. ಇನ್ನು ಯಾರ ಜೊತೆ ನಡೆಯುವುದು, ಯಾಕೆ ನಡೆಯುವುದು ಅನ್ನಿಸಿತ್ತು. ನಾಲ್ಕನೇ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದೆ. ಹತ್ತು ಹೆಜ್ಜೆ ನಡೆದು, ಅದೇ ಮೆಟ್ಟಿಲ ಮೇಲೆ ಪಕ್ಕದಲ್ಲಿ ಅವರಷ್ಟು ಜಾಗ ಬಿಟ್ಟು ಕೂತೆ.

"ಇವತ್ತು ಇಷ್ಟೇ ಹಣ್ಣಾಗಿದ್ದು ಅಜ್ಜಿ," ಎಂದೆ.