ಶಾಸನದ ಹಾದಿಯ ಶಂಶಾದ್‌ಬೀ

ಮಸ್ಕಿಯಲ್ಲಿ ಅಶೋಕನ ಶಾಸನವಿರುವ ಗುಡ್ಡಕ್ಕೆ ಹೋಗುವ ಓಣಿಯ ಕೊನೆಯ ಮನೆ ಶಂಶಾದ್‌ಬೀಯದು. ಬಾಗಿಲ ಬಳಿ ಮಷೀನು ಇಟ್ಟುಕೊಂಡು ಜಂಪರ ಹೊಲಿಯುತ್ತಾಳೆ. ಗಂಡ ಬಂದೇಸಾಬ ಹಟ್ಟಿ ಗಣಿಯಲ್ಲಿ ದುಡಿದು ನಿವೃತ್ತನಾದವನು.

ಹತ್ತು ವರ್ಷದ ಹಿಂದೆ ಸಿಂಧನೂರಿನ ಕಾಲೇಜಿನಿಂದ ಹುಡುಗಿಯರ ಬಸ್ಸು ಬಂದಿತ್ತು. ಒಬ್ಬಳು ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು, ಬಾಯಿ ಬಿಟ್ಟು ಹೇಳಲಿಲ್ಲ. ಶಂಶಾದ್‌ಬೀ ಹಿತ್ತಲ ಪಾಯಖಾನೆ ತೋರಿಸಿ, ಒಂದು ತುಂಡು ಹತ್ತಿ ಬಟ್ಟೆಯನ್ನೂ ಕೈಗಿಟ್ಟಳು. ಜೊತೆಗೆ ಬಂದಿದ್ದ ಇತಿಹಾಸದ ಉಪನ್ಯಾಸಕಿ ಅನುಪಮಾ ಅದನ್ನು ಮರೆಯಲಿಲ್ಲ. ಮರುವರ್ಷದಿಂದ ಗುಡ್ಡ ಹತ್ತುವ ಮೊದಲು ಹುಡುಗಿಯರನ್ನು ಈ ಮನೆಗೇ ಕರೆತರುತ್ತಿದ್ದಳು. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಲಿಂಗಸುಗೂರು, ಗುರುಗುಂಟಾ ಕಡೆಯವರೂ ಕೇಳಿಕೊಂಡು ಬರತೊಡಗಿದರು.

ನಳದ ನೀರು ನಾಲ್ಕು ದಿನಕ್ಕೊಮ್ಮೆ. ಎರಡು ಬಸ್ಸು ಬಂದ ದಿನ ಬಂದೇಸಾಬ ಬೋರಿನಿಂದ ಕೊಡ ಹೊರಬೇಕಾಗುತ್ತಿತ್ತು.

"ಇದೇನು ಸರ್ಕಾರಿ ಮನೀ ಅಂತ ತಿಳಕೊಂಡಾರೇನು?" ಎಂದು ಗೊಣಗುತ್ತಿದ್ದ.

"ಸರ್ಕಾರಿದು ಇದ್ದಿದ್ರ ಇಲ್ಲಿಗ್ಯಾಕ ಬರ್ತಿದ್ರು?" ಎನ್ನುತ್ತಿದ್ದಳು ಆಕೆ.

ಹೋದ ವರ್ಷ ಗುಡ್ಡದ ಸುತ್ತ ಪ್ರವಾಸೋದ್ಯಮ ಬೆಳೆಸುವ ಯೋಜನೆ ಬಂತು. ಊರಿನವರ ಅಭಿಪ್ರಾಯ ಕೇಳಲು ಸಭೆ ಕರೆದರು. ಅನುಪಮಾ ಮನೆಗೇ ಬಂದಳು.

"ಅಕ್ಕಾ, ನೀವೂ ಬರಬೇಕು."

"ನನಗೇನು ಗೊತ್ತೈತಿ ಮೇಡಂ?"

"ಅಲ್ಲಿ ಕುಂತೋರಿಗೆ ಗೊತ್ತಿಲ್ಲದ್ದು ನಿಮಗ ಗೊತ್ತೈತಿ."

ಸಭೆಯಲ್ಲಿ ಗೋಡೆಯ ಮೇಲೆ ಚಿತ್ರ ಮೂಡಿತು: ದೊಡ್ಡ ಕಮಾನು, ಕಾರಂಜಿ, ಹುಲ್ಲುಹಾಸು, ಫೋಟೊ ತೆಗೆಸಿಕೊಳ್ಳುವ ಕಟ್ಟೆ. ಕಮಾನು ಯಾವ ರಸ್ತೆಗೆ ಮುಖ ಮಾಡಬೇಕೆಂದು ಮುಖಂಡರು ಒಂದು ತಾಸು ವಾದ ಮಾಡಿದರು. ಆಮೇಲೆ ಶಂಶಾದ್‌ಬೀ ಸೆರಗು ಸರಿಮಾಡಿಕೊಂಡು ಎದ್ದಳು.

"ಸಾಹೇಬ್ರ, ಬಂದ ಹೆಣ್ಣುಮಕ್ಳು ಎಲ್ಲಿಗಿ ಹೋಗ್ಬೇಕು ರೀ?"

ಹಿಂದೆ ಯಾರೋ ನಕ್ಕರು. ಅಧಿಕಾರಿ ಕಾಗದ ತಿರುವಿ, "ಶೌಚಾಲಯ ಎರಡನೇ ಹಂತದಲ್ಲಿದೆ ಅಮ್ಮಾ" ಎಂದರು.

"ಅಶೋಕ ರಾಜ ಎರಡು ಸಾವಿರ ವರ್ಷ ಕಾದಾನ, ಇನ್ನೂ ಕಾಯ್ತಾನ. ಹೊಟ್ಟಿ ನೋವು ಬಂದ ಹುಡುಗಿ ಎರಡನೇ ಹಂತಕ್ಕ ಕಾಯಂಗಿಲ್ಲ ರೀ."

ನಗು ನಿಂತಿತು. ಅಧಿಕಾರಿ ಒಳ್ಳೆಯವರೇ ಇದ್ದರು. ಯಾವ ತಿಂಗಳು ಹೆಚ್ಚು ಜನ ಬರುತ್ತಾರೆ, ಎಲ್ಲಿಂದ ಬರುತ್ತಾರೆ ಎಂದು ಕೇಳಿದರು. ಆಕೆ ಒಂದೊಂದಾಗಿ ಹೇಳಿದಳು. ಕೂಸಿಗೆ ಹಾಲು ಕುಡಿಸಲು ನೆರಳು ಹುಡುಕುವವರು, ಮೆಟ್ಟಿಲು ಹತ್ತಲಾರದೆ ಕೆಳಗೇ ಕೂರುವ ಮುದುಕಿಯರು, ಎಲ್ಲರೂ ಮೊದಲು ಕೇಳುವ ನೀರು. ಇಷ್ಟೊಂದು ಸಂಗತಿ ತನ್ನೊಳಗಿದೆ ಎಂದು ಆಕೆಗೇ ತಿಳಿದಿರಲಿಲ್ಲ. ಅಧಿಕಾರಿ ಬರೆದುಕೊಂಡರು.

ಕಾರಂಜಿ ಹಿಂದೆ ಸರಿಯಿತು, ಶೌಚಾಲಯವೂ ತಾಯಂದಿರಿಗೊಂದು ಕೋಣೆಯೂ ಮೊದಲು ಎದ್ದವು. ಆದರೆ ನಾಲ್ಕು ತಿಂಗಳಲ್ಲಿ ಬಾಗಿಲಿಗೆ ಬೀಗ ಬಿತ್ತು. ಕಟ್ಟಿಸಿದವರು ಯಾರೆಂದು ಫಲಕದಲ್ಲಿತ್ತು. ತೊಳೆಯುವವರು ಯಾರು, ನೀರು ಬಿಡುವವರು ಯಾರು ಎಂದು ಯಾವ ಕಾಗದದಲ್ಲೂ ಇರಲಿಲ್ಲ. ಬಸ್ಸುಗಳು ಮತ್ತೆ ಓಣಿಗೆ ಬಂದವು.

ಶಂಶಾದ್‌ಬೀ ಬಾಗಿಲು ತೆರೆದಳು. ಆದರೆ ಈ ಸಲ ಅಷ್ಟಕ್ಕೇ ಬಿಡಲಿಲ್ಲ. ಪಕ್ಕದ ಮನೆಯ ಅಯ್ಯಮ್ಮನನ್ನು ಕರೆದುಕೊಂಡು, ಓಣಿಯ ಹೆಂಗಸರ ಸಂಘದ ಅರ್ಜಿ ಹಿಡಿದು ಕಚೇರಿಗೆ ಹೋದಳು. "ಕೀಲಿ ನಮ್ಮ ಸಂಘಕ್ಕ ಕೊಡ್ರಿ, ಪಗಾರ ಗೊತ್ತು ಮಾಡ್ರಿ, ನಳ ಜೋಡಸ್ರಿ" ಎಂದಳು. ಮೂರು ತಿಂಗಳು ಅಲೆದ ಮೇಲೆ ಆದೇಶ ಕೈಗೆ ಬಂತು. ಈಗ ಬೀಗ ತೆರೆದ ಶೌಚಾಲಯದಲ್ಲಿ ಅಯ್ಯಮ್ಮನೂ ಇನ್ನೊಬ್ಬಳೂ ಕೆಲಸ ಮಾಡುತ್ತಾರೆ.

ಈ ಡಿಸೆಂಬರಿನಲ್ಲಿ ಅನುಪಮಾಳ ಹುಡುಗಿಯರು ಓಣಿಗೆ ತಿರುಗದೆ ನೇರ ಗುಡ್ಡಕ್ಕೆ ಹೋದರು. ಅನುಪಮಾ ಒಬ್ಬಳೇ ಚಹಾಕ್ಕೆ ಬಂದಳು.

"ಈಗ ಆರಾಮ ಆತಲ್ಲಕ್ಕಾ?"

"ಆತು ಮೇಡಂ" ಎಂದಳು ಶಂಶಾದ್‌ಬೀ. ಚಹಾ ಸೋಸುತ್ತಾ, "ಆದ್ರ ಯಾವೂರ ಹುಡುಗ್ಯಾರು ಬಂದಾರ ಅಂತ ಈಗ ನನಗ ಗೊತ್ತೇ ಆಗಂಗಿಲ್ಲ" ಎಂದಳು.